ಜರ್ಮನ್ ಟಿವಿಯಲ್ಲಿ ನೋಡಬೇಕಾದ್ದು ಆನೆಯ ಕಾಲು ಕೆರೆಯುವುದನ್ನು

ಜರ್ಮನಿಗೆ ಹೊಸದಾಗಿ ಬಂದವರು "ಭಾಷೆ ಕಿವಿಗೆ ಬೀಳಬೇಕು, ಟಿವಿಯಲ್ಲಿ ಏನು ನೋಡಲಿ?" ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಭಾನುವಾರ ರಾತ್ರಿಯ ಪತ್ತೇದಾರಿ ಸರಣಿ ಟಾಟೋರ್ಟ್, ಇಲ್ಲವೇ ಎಂಟು ಗಂಟೆಯ ವಾರ್ತೆ. ಎರಡೂ ಆರಂಭಕ್ಕೆ ಒಗ್ಗುವುದಿಲ್ಲ. ಪತ್ತೇದಾರಿಗಳು ಬಾಯೊಳಗೇ ಗೊಣಗುತ್ತಾರೆ. ವಾರ್ತೆಯವರು ಕ್ರಿಯಾಪದವನ್ನು ವಾಕ್ಯದ ತುದಿಗೆ ತಂದು ಇಡುವಷ್ಟರಲ್ಲಿ ಕರ್ತೃಪದ ಯಾವುದಿತ್ತು ಅನ್ನುವುದೇ ಮರೆತಿರುತ್ತದೆ. ನನ್ನ ಮತ ಪ್ರಾಣಿಗಳ ಕಾರ್ಯಕ್ರಮಗಳಿಗೆ. ಅದರಲ್ಲೂ ಹಿಮಕರಡಿ, ತಿಮಿಂಗಿಲಗಳ ಅದ್ದೂರಿ ಸಾಕ್ಷ್ಯಚಿತ್ರಗಳಿಗಲ್ಲ, ಮೃಗಾಲಯದ ನೌಕರರ ದಿನಚರಿ ತೋರಿಸುವ ಸಾದಾ ಧಾರಾವಾಹಿಗಳಿಗೆ.

ಈ ದೇಶದಲ್ಲಿ ಪ್ರಾಣಿ ಮತ್ತು ಟಿವಿಯ ನಂಟು ಹಳೆಯದು. ಯುದ್ಧದಲ್ಲಿ ಹಾಳಾಗಿದ್ದ ಫ್ರಾಂಕ್‌ಫರ್ಟ್ ಮೃಗಾಲಯವನ್ನು 1945ರಿಂದ ಮತ್ತೆ ಕಟ್ಟಿದ ಬೆರ್ನ್‌ಹಾರ್ಡ್ ಗ್ಝಿಮೆಕ್, 1956ರಿಂದ ಮೂರು ದಶಕ ಟಿವಿಯಲ್ಲಿ ಕಾರ್ಯಕ್ರಮ ನಡೆಸಿದರು. ಕೋಟು, ಟೈ, ಮುಂದೊಂದು ಮೇಜು, ಮೇಜಿನ ಮೇಲೋ ಹೆಗಲ ಮೇಲೋ ಜೀವಂತ ಪ್ರಾಣಿ. ಹೈಂಜ್ ಜೀಲ್‌ಮನ್ 1965ರಲ್ಲಿ ಶುರುಮಾಡಿದ ವನ್ಯಜೀವಿ ಸರಣಿ ಎನ್‌ಡಿಆರ್ ವಾಹಿನಿಯಲ್ಲಿ ಇಂದಿಗೂ ಇದೆ. ಆದರೆ ನಾನು ಹೇಳುತ್ತಿರುವ ಬಗೆ ಹುಟ್ಟಿದ್ದು 2003ರಲ್ಲಿ, ಲೈಪ್ಜಿಗ್ ಮೃಗಾಲಯದಲ್ಲಿ ಎಂಡಿಆರ್ ವಾಹಿನಿ ಶುರುಮಾಡಿದ 'ಎಲೆಫಾಂಟ್, ಟೀಗರ್ ಉಂಟ್ ಕೋ' (ಆನೆ, ಹುಲಿ ಮತ್ತು ಬಳಗ) ಧಾರಾವಾಹಿಯಿಂದ. ಸಾವಿರಕ್ಕೂ ಮೀರಿದ ಕಂತುಗಳಾಗಿವೆ. ಅದು ಗೆದ್ದ ಮೇಲೆ ಬರ್ಲಿನ್, ಮ್ಯೂನಿಕ್, ಸ್ಟುಟ್‌ಗಾರ್ಟ್, ಹ್ಯಾಂಬರ್ಗ್ ಎಲ್ಲ ಕಡೆ ಅದೇ ಅಚ್ಚಿನವು ಬಂದವು. ಹೆಸರಲ್ಲಿ ಎರಡು ಪ್ರಾಣಿ, ಕೊನೆಗೊಂದು 'ಉಂಟ್ ಕೋ'.

ಕಂತಿನ ರಚನೆ ಗಮನಿಸಿ. ಮೂರೋ ನಾಲ್ಕೋ ಪ್ರಸಂಗಗಳು ತುಂಡುತುಂಡಾಗಿ, ಒಂದರ ಮಧ್ಯೆ ಇನ್ನೊಂದು ಬರುತ್ತವೆ. ಪ್ರತಿ ಬಾರಿ ಹಳೆಯ ಪ್ರಸಂಗಕ್ಕೆ ಮರಳಿದಾಗ ನಿರೂಪಕ "ಇಲ್ಲಿ ಇನ್ನೂ ತೂಕ ಮಾಡುವುದು ಬಾಕಿ" ಎನ್ನುವಂತೆ ಹಿಂದಿನದನ್ನು ಒಂದು ಸಾಲಿನಲ್ಲಿ ನೆನಪಿಸುತ್ತಾನೆ. ಜರ್ಮನ್ ಚೆನ್ನಾಗಿ ಬಲ್ಲವರಿಗೆ ಇದು ಕಿರಿಕಿರಿ. ಕಲಿಯುವವರಿಗೆ ಒಂದೇ ಪದ ಒಂದೇ ಕಂತಿನಲ್ಲಿ ನಾಲ್ಕು ಸಲ, ಪ್ರತಿ ಸಲವೂ ಚಿತ್ರದ ಸಮೇತ. ಜೊತೆಗೆ ಪ್ರಾಣಿಪಾಲಕರು ಕೈಯಲ್ಲಿ ಮಾಡುತ್ತಿರುವುದನ್ನೇ ಬಾಯಲ್ಲಿ ಹೇಳುತ್ತಾರೆ: ಬಾಗಿಲು ಸರಿಸುತ್ತೇನೆ, ಹುಲ್ಲು ಹಾಕುತ್ತೇನೆ, ಇವಳಿಗೆ ಇವತ್ತು ಮೂಡ್ ಸರಿಯಿಲ್ಲ.

ನಿಜವಾದ ರುಚಿ ಇರುವುದು ಕೆಲಸದ ವಿವರದಲ್ಲಿ. ಲೈಪ್ಜಿಗ್‌ನ ಆನೆಮನೆಯ ಹೆಸರು ಗಣೇಶ ಮಂದಿರ, 2006ರಲ್ಲಿ ತೆರೆದದ್ದು. ಆನೆ ಈಜುವುದನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಗಾಜಿನಾಚೆ ನಿಂತು ನೋಡಬಹುದು. ನಮ್ಮ ದುಬಾರೆಯ ಮಾವುತ, ಕಾವಾಡಿಗಳು ಆನೆಯ ಮೈಗೆ ಮೈ ತಾಗಿಸಿ ಕೆಲಸ ಮಾಡಿದರೆ, ಜರ್ಮನಿಯ ಮೃಗಾಲಯಗಳು ಹೆಚ್ಚುಹೆಚ್ಚಾಗಿ ಆನೆ ಮತ್ತು ಮನುಷ್ಯರ ನಡುವೆ ಕಂಬಿಯ ಗೋಡೆ ಇಡುವ ಪದ್ಧತಿಗೆ ಬಂದಿವೆ. ಪಾಲಕ ಉದ್ದನೆಯ ಕೋಲಿನ ತುದಿ ತೋರಿಸುತ್ತಾನೆ, ಆನೆ ಅದಕ್ಕೆ ಕಾಲು ತಾಗಿಸಿದರೆ ಶಿಳ್ಳೆ, ಹಿಂದೆಯೇ ಕ್ಯಾರೆಟ್ಟೋ ಬ್ರೆಡ್ಡೋ. ಹಾಗೆ ಕಂಬಿಯ ಕಿಂಡಿಯಲ್ಲಿ ಪಾದ ಇಡಿಸಿ, ಲಾಳದ ಕತ್ತಿಯಿಂದ ಅಂಗಾಲು ಕೆರೆದು, ಉಗುರಿಗೆ ಅರ ಹಾಕುತ್ತಾರೆ. ಕಾಡಿನಲ್ಲಿ ನಡೆದಷ್ಟು ಇಲ್ಲಿ ನಡೆಯದ ಆನೆಯ ಅಂಗಾಲು ಸವೆಯುವುದಿಲ್ಲ; ದಪ್ಪಗಾಗಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಕಲ್ಲು ಸಿಕ್ಕಿದರೆ ಕೀವು. ಶಿಳ್ಳೆ ಊದಿ ಬಹುಮಾನ ಕೊಡಲು ತಡವಾದರೆ ಆನೆ ಕಾಲು ಎಳೆದುಕೊಂಡು ಹೋಗಿಬಿಡುತ್ತದೆ, ಅಂದಿನ ಪಾಠ ಅಲ್ಲಿಗೆ ಮುಗಿಯಿತು. ಜಿರಾಫೆಗೂ ಇಂಥದೇ ತಾಲೀಮು ಕೊಡುತ್ತಾರೆ. ಅರಿವಳಿಕೆ ಕೊಟ್ಟರೆ ಮೇವು ಉಕ್ಕಿ ಶ್ವಾಸನಾಳಕ್ಕೆ ಇಳಿಯುವ ಭಯ, ಬೀಳುವಾಗ ಕತ್ತು ಮುರಿಯುವ ಭಯ. ಎಚ್ಚರವಿರುವಾಗಲೇ ರಕ್ತ ಕೊಡಲು ಕಲಿತರೆ ಎರಡೂ ತಪ್ಪುತ್ತವೆ.

ನೋಡುವ ಕ್ರಮ ಹೀಗಿರಲಿ. ಈ ಸಾರ್ವಜನಿಕ ವಾಹಿನಿಗಳ ಒಕ್ಕೂಟವಾದ ಎಆರ್‌ಡಿಯ ಮೆಡಿಯಾಟೆಕ್ ಆ್ಯಪ್ ಹಾಕಿಕೊಳ್ಳಿ, ನೋಡಲು ಖಾತೆ ಬೇಕಿಲ್ಲ. 'ಉಂಟರ್‌ಟೀಟಲ್' ಒತ್ತಿ ಜರ್ಮನ್ ಸಬ್‌ಟೈಟಲ್ ಹಾಕಿ. ಟಿವಿಯಲ್ಲೇ ನೋಡುವವರಿಗೆ ಸಬ್‌ಟೈಟಲ್ ಸಿಗುವುದು ಟೆಲಿಟೆಕ್ಸ್ಟ್‌ನಲ್ಲಿ (ಟಿವಿ ಪರದೆಯ ಮೇಲೇ ಬರುವ ಅಕ್ಷರ ಪುಟಗಳು): ಎಆರ್‌ಡಿಯಲ್ಲಿ ಪುಟ 150, ಇನ್ನೊಂದು ಸಾರ್ವಜನಿಕ ವಾಹಿನಿ ಝೆಡ್‌ಡಿಎಫ್‌ನಲ್ಲಿ 777. ಲೈಪ್ಜಿಗ್ ಇರುವ ಸ್ಯಾಕ್ಸನಿ ರಾಜ್ಯದ ಪಾಲಕರ ಬಾಯಲ್ಲಿ ಕ, ಟ, ಪ ಎಲ್ಲ ಮೆತ್ತಗಾಗಿ ಗ, ಡ, ಬ ಆಗುತ್ತವೆ, ಮ್ಯೂನಿಕ್‌ನವರ ಬವೇರಿಯನ್ ಇನ್ನೊಂದು ಲೋಕ. ಸಬ್‌ಟೈಟಲ್ ಸಾಮಾನ್ಯವಾಗಿ ಪುಸ್ತಕದ ಜರ್ಮನ್‌ನಲ್ಲಿರುತ್ತದೆ, ಹಾಗಾಗಿ ಕೇಳಿದ್ದೂ ಓದಿದ್ದೂ ತಾಳೆಯಾಗದಿದ್ದರೆ ಗಾಬರಿ ಬೇಡ. ಇದು ಪಳಗಿದ ಮೇಲೆ ಎಆರ್‌ಡಿಯ ಸೋಮವಾರ 20:15ರ ನಿಸರ್ಗ ಚಿತ್ರಗಳಿಗೆ ಬನ್ನಿ, ಆಡಿಯೊಡಿಸ್ಕ್ರಿಪ್ಷನ್ ಇದ್ದರೆ ಹಾಕಿಕೊಳ್ಳಿ. ಕಣ್ಣು ಕಾಣದವರಿಗಾಗಿ ಮಾಡಿದ ಈ ಧ್ವನಿ, ಮಾತಿಲ್ಲದ ಜಾಗದಲ್ಲಿ ಪರದೆಯ ಮೇಲಿನದನ್ನು ಸರಳ ವಾಕ್ಯಗಳಲ್ಲಿ ಹೇಳುತ್ತದೆ. ಭಾಷಾ ತರಗತಿಗಳಲ್ಲಿ ಇದನ್ನು ಯಾಕೆ ಹೇಳಿಕೊಡುವುದಿಲ್ಲವೋ.

ದುಡ್ಡು ಹೇಗೂ ಕೊಡುತ್ತಿದ್ದೀರಿ: ಈ ವಾಹಿನಿಗಳಿಗಾಗಿ ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ, ಟಿವಿ ಇರಲಿ ಬಿಡಲಿ. ವಿಳಾಸ ನೋಂದಾಯಿಸಿದ ಮೇಲೆ ಪತ್ರ ತಾನಾಗಿ ಬರುತ್ತದೆ. ಮೋಸದ ಪತ್ರ ಅಂತ ಎಸೆದವರಿಗೆ ಬಾಕಿ ಬೆಳೆದು, ಮೇಲೆ ಕನಿಷ್ಠ 8 ಯೂರೋ ದಂಡ. ಒಂದು ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಅವರ ಒಂಬತ್ತು ಅಂಕಿಯ ಶುಲ್ಕ ಖಾತೆ ಸಂಖ್ಯೆಯನ್ನು ಆ ಪತ್ರಕ್ಕೆ ಬರೆದು ಉತ್ತರಿಸಬೇಕು. ದೇಶ ಬಿಡುವಾಗ ಇದನ್ನು ಬೇರೆಯಾಗಿಯೇ ರದ್ದು ಮಾಡಿಸಬೇಕು.

ಡಬ್ಲ್ಯೂಡಿಆರ್ ವಾಹಿನಿಯಲ್ಲಿ 1991ರಿಂದ ಇರುವ, ಆಶ್ರಯಧಾಮದ ನಾಯಿ ಬೆಕ್ಕುಗಳಿಗೆ ಮನೆ ಹುಡುಕುವ ಕಾರ್ಯಕ್ರಮವೂ ಒಳ್ಳೆಯದೇ, ಆದರೆ ನೋಡುತ್ತ ನೋಡುತ್ತ ಮನಸ್ಸು ಕರಗಿ ಫೋನ್ ಎತ್ತಿಕೊಳ್ಳುವ ಮುನ್ನ ಬಾಡಿಗೆ ಕರಾರು ಓದಿ. ನಾಯಿ, ಬೆಕ್ಕು ಪೂರ್ತಿ ನಿಷೇಧ ಎನ್ನುವ ಸಿದ್ಧ ಷರತ್ತು ಊರ್ಜಿತವಲ್ಲ ಅಂತ 2013ರಲ್ಲಿ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಹೇಳಿದೆ ನಿಜ. ಹಾಗೆಂದು ಮನೆ ಮಾಲೀಕರನ್ನು ಕೇಳದೆ ನಾಯಿ ತರಬಹುದು ಅಂತ ಅರ್ಥವಲ್ಲ. ನಾಯಿಗೆ ತೆರಿಗೆಯೂ ಉಂಟು, ಬರ್ಲಿನ್‌ನಲ್ಲಿ ಮೊದಲ ನಾಯಿಗೆ ವರ್ಷಕ್ಕೆ 120 ಯೂರೋ.

ಮೃಗಾಲಯದ ಧಾರಾವಾಹಿಗಳ ಮೇಲೆ ನನಗಿರುವ ತಕರಾರು ಬೇರೆ. ಮರಿ ಹುಟ್ಟಿದರೆ ಮೂರು ಕಂತು, ಪಿಟೀಲು ಸಂಗೀತ. ಆ ಮರಿ ಬೆಳೆದು ಹೆಚ್ಚುವರಿ ಗಂಡಾದಾಗ ಕ್ಯಾಮೆರಾ ಅಷ್ಟು ಉತ್ಸಾಹ ತೋರಿಸುವುದಿಲ್ಲ. 2025ರ ಜುಲೈನಲ್ಲಿ ನ್ಯೂರೆಂಬರ್ಗ್ ಮೃಗಾಲಯ ಜಾಗವಿಲ್ಲವೆಂದು 12 ಗಿನಿ ಬಬೂನ್‌ಗಳನ್ನು ಕೊಂದಾಗ, ಟಿವಿಯಲ್ಲಿ ವರ್ಷಗಟ್ಟಲೆ ಮರಿಗಳನ್ನೇ ನೋಡಿದ್ದವರು ಆಘಾತಗೊಂಡದ್ದು ಸಹಜ. ಗೊರಿಲ್ಲಾಗಳದ್ದೂ ಇದೇ ಲೆಕ್ಕ: ಒಂದು ಕುಟುಂಬಕ್ಕೆ ಒಂದೇ ಬೆಳ್ಳಿಬೆನ್ನಿನ ಯಜಮಾನ, ಆದರೆ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡುಗಳು. ಉಳಿದವಕ್ಕೆ ಗಂಡುಗಳದ್ದೇ ಗುಂಪು ಮಾಡಬೇಕು, ಅಥವಾ ಬೇರೆ ಊರು ಹುಡುಕಬೇಕು. 2021ರಲ್ಲಿ ಮ್ಯೂನ್‌ಸ್ಟರ್‌ನಿಂದ ಮೈಸೂರು ಮೃಗಾಲಯಕ್ಕೆ ಬಂದ ಥಾಬೊ ಮತ್ತು ಡೆಂಬಾ ಇಬ್ಬರೂ ಗಂಡುಗಳೇ.