‘ಮೈಂಡ್‌ಸೆಟ್’ ಅಂದು ಕೈ ತೊಳೆದುಕೊಳ್ಳುವವರಿಗೆ

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಅಸ್ಪೃಶ್ಯತೆಯ ಸುದ್ದಿ ಬಂದಾಗಲೆಲ್ಲ ಬೆನ್ನಿಗೇ ಒಂದು ಇಂಗ್ಲಿಷ್ ಪದವೂ ಬರುತ್ತದೆ. ಶಾಂತಿ ಸಭೆಯಲ್ಲಿ ಸಾಹೇಬರು “ಮೊದಲು ಜನರ ಮೈಂಡ್‌ಸೆಟ್ ಬದಲಾಗಬೇಕು” ಅನ್ನುತ್ತಾರೆ. ಕಟ್ಟೆಯ ಮೇಲೆ ಕೂತ ಹಿರಿಯರು “ಹಿಂದಿನಿಂದ ಬಂದ ಮೈಂಡ್‌ಸೆಟ್ ರೀ ಅದು, ಒಮ್ಮಿಗೇ ಹೋಗಂಗಿಲ್ಲ” ಅನ್ನುತ್ತಾರೆ. ಅಲ್ಲಿಗೆ ಸಭೆ ಮುಗಿಯಿತು.

2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಕೂಸು ಹನುಮಪ್ಪನ ಗುಡಿಯೊಳಗೆ ಓಡಿತು. ಹುಟ್ಟುಹಬ್ಬಕ್ಕೆ ಹೊರಗಿನಿಂದಲೇ ಕೈಮುಗಿಸಲು ಅಪ್ಪ ಕರೆತಂದಿದ್ದರು. ಗುಡಿ ಶುದ್ಧಿಗೆ ಕೇಳಿದ್ದು 20 ಸಾವಿರಕ್ಕೂ ಹೆಚ್ಚು ರೂಪಾಯಿ. ನಾಲ್ಕು ಜನ ಕೂತು, ಲೆಕ್ಕ ಹಾಕಿ ಮೊತ್ತ ಗೊತ್ತುಮಾಡಿದ್ದನ್ನು ಮನಸ್ಸಿನ ಆಳದ ನಂಬಿಕೆ ಅಂತ ನಾನು ಒಪ್ಪಲಾರೆ. 2014ರಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಇಟ್ಟರು. ಹತ್ತು ವರ್ಷದ ಮೇಲೆ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೋಗಿ ಬಹುತೇಕರಿಗೆ ಹೈಕೋರ್ಟ್‌ನಲ್ಲಿ ಜಾಮೀನು ಸಿಕ್ಕಿತು, ಆ ಮಾತು ಬೇರೆ. ಅದೇ 2024ರಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದ ಜಗಳಕ್ಕೆ ಒಬ್ಬ ದಲಿತ ಯುವಕನ ಪ್ರಾಣವೇ ಹೋಯಿತು.

ಈ ನಂಬಿಕೆ ಎಷ್ಟು ಆಳದ್ದು ಅನ್ನುವುದನ್ನು ಗಂಗಾವತಿ ಬಸ್ಸಿನಲ್ಲಿ ನೋಡಬೇಕು. ಮೂರು ಜನರ ಸೀಟಿನಲ್ಲಿ ನಾಲ್ವರು ಒತ್ತಿಕೊಂಡು ಕೂತಿರುತ್ತಾರೆ, ಯಾರೂ ಯಾರ ಕೇರಿಯನ್ನೂ ಕೇಳುವುದಿಲ್ಲ. ಪ್ಯಾಟಿಯಲ್ಲಿ ಇಳಿದು ಸಲೂನಿನಲ್ಲಿ ಕೂತರೆ, ಆಗಷ್ಟೇ ಎದ್ದುಹೋದವನ ಕೊರಳಿಗಿದ್ದ ಬಟ್ಟೆಯನ್ನೇ ಒಮ್ಮೆ ಝಾಡಿಸಿ ಇವರ ಕೊರಳಿಗೆ ಕಟ್ಟುತ್ತಾರೆ. ಕತ್ತರಿ ಅದೇ, ಬಾಚಣಿಗೆ ಅದೇ. ಸಂಜೆ ಊರಿನ ಅಗಸಿ ದಾಟಿದ ಕೂಡಲೇ ಮೈಂಡ್‌ಸೆಟ್ ವಾಪಸ್ ಬರುತ್ತದೆ. ನೋಡುವವರು ಇದ್ದಾರೆ ಅಂತ ಬರುತ್ತದೆ.

ದಲಿತರಿಗೆ ಕ್ಷೌರ ಮಾಡಲು ಒಲ್ಲೆ ಅನ್ನುವ ಹಳ್ಳಿಯ ಕ್ಷೌರಿಕರ ಮೇಲೆ ಎಲ್ಲ ಹೊರೆ ಹಾಕುವುದೂ ನನಗೆ ಸರಿ ಕಾಣುವುದಿಲ್ಲ. ಅವರೂ ಸಣ್ಣ ಸಮುದಾಯದವರು. “ಅವರಿಗೆ ಮಾಡಿದ್ರ ನಾವು ಬರಂಗಿಲ್ಲ” ಅಂತ ಊರ ದೊಡ್ಡವರು ಒಂದು ಮಾತು ಅಂದರೆ ಸಾಕು, ಅಂಗಡಿ ಅರ್ಧ ಶಟರ್ ಇಳಿಯುತ್ತದೆ. ಹೊಟ್ಟೆಪಾಡಿನ ಹೆದರಿಕೆ ಅದು. ಹೆದರಿಸಿದವರ ಹೆಸರು ಮಾತ್ರ ಯಾವ ದೂರಿನಲ್ಲೂ ಬರುವುದಿಲ್ಲ.

1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೇ ಕಲಂ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು ಅಪರಾಧ. ಶಿಕ್ಷೆಯಾದರೆ ಕಸುಬಿನ ಲೈಸೆನ್ಸ್ ರದ್ದು ಮಾಡುವ ಅಧಿಕಾರ 8ನೇ ಕಲಮಿನಲ್ಲಿ ನ್ಯಾಯಾಲಯಕ್ಕಿದೆ. ಇದರಲ್ಲಿ ಎಲ್ಲೂ ಜನರ ಮನಸ್ಸು ಬದಲಾಗುವವರೆಗೆ ಕಾಯಿರಿ ಅಂತ ಬರೆದಿಲ್ಲ. ಸಾಹೇಬರೇ, ಮುಂದಿನ ಸಭೆಗೆ ಭಾಷಣದ ಬದಲು ಹೋಟೆಲ್, ಸಲೂನ್, ಗುಡಿಗಳ ಪಟ್ಟಿ ಹಿಡಿದು ಬನ್ನಿ. ಯಾರು ಯಾರನ್ನು ತಡೆಯುತ್ತಿದ್ದಾರೆ, ಅವರ ಹಿಂದೆ ಯಾರಿದ್ದಾರೆ ಅಂತ ಕೇಳಿ ಬರೆದುಕೊಳ್ಳಿ.