ಮಾಳಿಗೆಯ ಹಲಗೆಗೆ ಇನ್ನೂ ಆಯುಷ್ಯ ಇದೆ

ಜೂನ್ ಕೊನೆಗೆ ಊರಿಗೆ ಬಂದಾಗ ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಿತ್ತು. ಶಹಾಪುರದ ನಮ್ಮ ಹಳೇ ಮನೆಯ ಮಾಳಿಗೆ ಹತ್ತಿದೆ. ಸಾಗವಾನಿ ಹಲಗೆ ಕಾಲಿಗೆ ತಣ್ಣಗೆ ತಾಗಿತು. ಜನ ಓಡಾಡುವ ನಡುಭಾಗ ಬಣ್ಣ ಕಳೆದುಕೊಂಡು ಬೂದಿಯ ಹಾಗೆ ಆಗಿದೆ. ಅಜ್ಜಿಯ ಕಬ್ಬಿಣದ ಟ್ರಂಕು ಇದ್ದಲ್ಲಿ ಚೌಕವಾಗಿ ಕಪ್ಪು ಕಲೆ. ಬಾಗಿಲ ಹತ್ತಿರ ಹಂಚು ಸೋರಿ ಎರಡು ಹಲಗೆ ಮೆತ್ತಗಾಗಿವೆ. ತಮ್ಮ ಹಿಂದೆಯೇ ಬಂದು ನಿಂತ.

"ಅಣ್ಣಾ, ಇವು ಸಾಕಾಗ್ಯಾವು. ಎಲ್ಲಾ ತಗಸಿ ಸ್ಲ್ಯಾಬ್ ಹಾಕ್ಸೂಣು, ಮ್ಯಾಲೆ ಟೈಲ್ಸ್. ಹಳೇ ಕಟಗಿ ತಗೊಳ್ಳಾವ ಚಲೋ ರೇಟ್ ಕೊಡ್ತಾನ."

ಅವನ ಕಷ್ಟ ನನಗೆ ಗೊತ್ತಿದೆ. ಮೇಲೆ ಗುಡಿಸಿದರೆ ಸಂದಿಯಿಂದ ಧೂಳು ಕೆಳಗೆ ದೇವರ ಮನೆಗೆ ಉದುರುತ್ತದೆ. ಮಕ್ಕಳು ಮೇಲೆ ಓಡಿದರೆ ಕೆಳಗೆ ಕೂತವರ ತಲೆ ಚಿಟ್ಟು ಹಿಡಿಯುತ್ತದೆ. ಆ ಮನೆಯಲ್ಲಿ ದಿನಾ ಇರುವವನು ಅವನು, ವರ್ಷಕ್ಕೊಮ್ಮೆ ಬಂದು ಹೋಗುವವನು ನಾನು. ಆದರೂ ಈ ವಿಷಯದಲ್ಲಿ ನಾನು ಸುಮ್ಮನಿರಲಾರೆ. ಯಾಕೆಂದರೆ ಮರದ ನೆಲದ ವಿಷಯದಲ್ಲಿ ನಾನು ಒಂದು ಸಲ ದೊಡ್ಡ ಪೆಟ್ಟು ತಿಂದಿದ್ದೇನೆ.

ನಾನಿರುವುದು ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಪಕ್ಕ. ಮನೆ 1928ರದ್ದು. ನೆಲವೆಲ್ಲ ಕೆಂಪು ಓಕ್ ಮರದ ಪಟ್ಟಿ. ಎರಡೂಕಾಲು ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಒಂದು ಪಟ್ಟಿಯ ಅಂಚಿನಿಂದ ಚಾಚಿದ ನಾಲಿಗೆ ಇನ್ನೊಂದರ ಅಂಚಿನ ತೋಡಿನೊಳಗೆ ಕೂತಿರುತ್ತದೆ, ಮೊಳೆ ಆ ನಾಲಿಗೆಯಲ್ಲೇ ಮುಚ್ಚಿಹೋಗಿರುತ್ತದೆ. ಹೇಳಲು ಮುಕ್ಕಾಲು ಇಂಚು. ಆದರೆ ಸವೆಸಲಿಕ್ಕೆ ಸಿಗುವುದು ನಾಲಿಗೆಯ ಮೇಲಿನ ಕಾಲು ಇಂಚು ಮಾತ್ರ. ಮಷಿನ್ ಹಾಕಿ ಪೂರ್ತಿ ಉಜ್ಜಿದರೆ ಪ್ರತಿ ಸಲ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಹೋಗುತ್ತದೆ. ಮನೆಗೆ ಹಿಂದೆ ಎಷ್ಟು ಸಲ ಮಷಿನ್ ಬಂದಿದೆ ಅನ್ನುವುದು ನಿಮಗೆ ತಿಳಿದಿರುವುದಿಲ್ಲ. ಅದನ್ನು ನೆಲಕ್ಕೇ ಕೇಳಬೇಕು. ಮನೆ ಬೆಚ್ಚಗಿಡಲು ನೆಲದಿಂದ ಬಿಸಿಗಾಳಿ ಬರುವ ಜಾಲರಿ ಎತ್ತಿದರೆ ಪಟ್ಟಿಯ ಅಡ್ಡ ಅಂಚು ಕಾಣುತ್ತದೆ, ಎಷ್ಟು ಉಳಿದಿದೆ ಅಂತ ಅಳೆಯಬಹುದು.

ನಾನು ಅಳೆಯಲಿಲ್ಲ. ನೆಲ ಮಂಕಾಗಿದೆ, ಗೀರು ಬಿದ್ದಿದೆ ಅಂತ ಒಬ್ಬ ಗುತ್ತಿಗೆದಾರನನ್ನು ಕರೆಸಿದೆ. ಅವನೂ ಅಳೆಯಲಿಲ್ಲ. ಬೆಳಿಗ್ಗೆ ಎಂಟಕ್ಕೆ ಡ್ರಮ್ ಮಷಿನ್ ಶುರು ಮಾಡಿದ. ರೋಡ್ ರೋಲರಿನ ಹಾಗೆ ಗಾಲಿ, ಅದಕ್ಕೆ ಸುತ್ತಿದ ಒರಟು ಕಾಗದ. ಆ ಕಾಗದಕ್ಕೆ ನಂಬರ್ ಇರುತ್ತದೆ, ನಂಬರ್ ಸಣ್ಣದಾದಷ್ಟೂ ಒರಟು. ಮೊದಲು 36, ಆಮೇಲೆ 60, ಕೊನೆಗೆ 100. ಮಷಿನ್ ತಿರುಗುವಾಗ ಒಂದು ಕ್ಷಣ ಕೂಡ ನಿಂತಲ್ಲೇ ನಿಲ್ಲಬಾರದು. ಅವನು ಫೋನ್ ಬಂತು ಅಂತ ನಿಂತ. ನಡುಮನೆಯಲ್ಲಿ ತಟ್ಟೆಯಷ್ಟಗಲ ತಗ್ಗು ಬಿತ್ತು. ಆ ತಗ್ಗು ಮುಚ್ಚಲು ಸುತ್ತಲೂ ಉಜ್ಜಿದ. ಸಂಜೆ ಬಿಸಿಲು ಅಡ್ಡಕ್ಕೆ ಬಿದ್ದಾಗ ನೋಡುತ್ತೇನೆ, ಪಟ್ಟಿಗಳ ಸಂದಿನಲ್ಲಿ ಮೊಳೆಯ ತಲೆಗಳು ಸಾಲಾಗಿ ಹೊಳೆಯುತ್ತಿವೆ. ನಾಲಿಗೆಯ ತನಕ ಸವೆದುಹೋಗಿತ್ತು. ತೊಂಬತ್ತು ವರ್ಷ ಬಾಳಿದ ನೆಲ, ಒಂದು ದಿನದಲ್ಲಿ ಅದರ ಉಳಿದ ಆಯುಷ್ಯವೆಲ್ಲ ಧೂಳಾಗಿ ಚೀಲಕ್ಕೆ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬಟ್ಟೆ ಕಪಾಟಿನೊಳಗೆ ನೋಡಿದೆ. ಅಲ್ಲಿಗೆ ಮಷಿನ್ ಹೋಗಿರಲಿಲ್ಲ. ಜೇನಿನ ಬಣ್ಣದ ಹಳೇ ಪಾಲಿಶ್ ಹಾಗೇ ಇತ್ತು. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಪಾಲಿಶ್ ಕರಗಿ ಬಟ್ಟೆಗೆ ಅಂಟಿಕೊಂಡಿತು. ಸ್ಪಿರಿಟ್‌ಗೆ ಹೀಗೆ ಕರಗುವುದು ಶೆಲ್ಯಾಕ್, ಅಂದರೆ ನಮ್ಮ ಅರಗು. ಮುತ್ತುಗದ ಮರ, ಬೋರೆ ಮರದ ಮೇಲೆ ಕೂರುವ ಹುಳ ಕೊಡುವ ಅರಗು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವುದೂ ಅದೇ. ಆ ಕಾಲದಲ್ಲಿ ಅಮೆರಿಕಕ್ಕೆ ಬರುತ್ತಿದ್ದ ಅರಗಿನಲ್ಲಿ ಹೆಚ್ಚಿನದು ಹಿಂದೂಸ್ತಾನದ್ದು. ಕಪಾಟಿನ ಕತ್ತಲಲ್ಲಿ ಮಂಡಿಯೂರಿ ಕೂತಿದ್ದ ನನಗೆ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. ನಮ್ಮ ಕಡೆಯ ಮರದ ಹುಳದ ಅರಗು ಇಲ್ಲಿ ಬಂದು ತೊಂಬತ್ತು ವರ್ಷ ಒಂದು ನೆಲ ಕಾದಿತ್ತು.

ಅಲ್ಲಿಂದ ಈಚೆಗೆ ನನಗೆ ಮತ್ತೆ ಮತ್ತೆ ನೆನಪಾಗುವುದು ಅಜ್ಜಿ ನೆಲ ಸಾರಿಸುತ್ತಿದ್ದ ರೀತಿ. ಹಿತ್ತಲ ಮನೆಯ ಮಣ್ಣಿನ ನೆಲಕ್ಕೆ ವಾರಕ್ಕೊಮ್ಮೆ ಸಗಣಿ, ನೀರು. ಬಲಗೈ ಅರ್ಧ ಚಂದ್ರದ ಹಾಗೆ ಬೀಸುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು, ಹೊಸ್ತಿಲು ಮುಟ್ಟುವ ತನಕ. ನೆಲ ಕಿತ್ತು ಬರಲಿ ಅಂತ ಅವಳು ಕಾಯಲಿಲ್ಲ. ತೆಳ್ಳನೆಯ ಒಂದು ಪದರ ಮೇಲಿಂದ ಮೇಲೆ ಕೂಡಿಸುತ್ತಾ ಹೋದಳು. ಸವೆತವನ್ನೆಲ್ಲ ಆ ಪದರ ತಿಂದಿತು, ಕೆಳಗಿನ ನೆಲ ಹಾಗೇ ಉಳಿಯಿತು.

ಮರದ ನೆಲಕ್ಕೂ ಇದೇ ಲೆಕ್ಕ ನಡೆಯುತ್ತದೆ. ಈ ಮಾತು ಅಮೆರಿಕದಲ್ಲಿ ಗೊತ್ತಿಲ್ಲ ಅಂತಲ್ಲ. ಬಲ್ಲ ಕೆಲಸಗಾರರು ಮೊದಲು ನೆಲದ ಮೇಲೆ ನಾಲ್ಕು ಹನಿ ನೀರು ಬಿಟ್ಟು ನೋಡುತ್ತಾರೆ. ಹನಿ ಮಣಿಯ ಹಾಗೆ ನಿಂತರೆ ಮೇಲಿನ ಪಾಲಿಶ್ ಪದರ ಜೀವಂತ ಇದೆ. ನೀರು ಇಂಗಿ ಮರ ಕಪ್ಪಾದರೆ ಪದರ ಹೋಗಿದೆ. ಪದರ ಇದ್ದರೆ ಮರವನ್ನು ಮುಟ್ಟುವುದೇ ಬೇಡ. ಜಾಲರಿಯಂಥ ನುಣ್ಣನೆಯ ಉಜ್ಜುವ ಕಾಗದದಿಂದ ಪದರವನ್ನಷ್ಟೇ ಲಘುವಾಗಿ ಕೆರೆದು, ಧೂಳು ಒರೆಸಿ, ಮೇಲೊಂದು ಕೈ ಪಾಲಿಶ್ ಹಚ್ಚಿದರೆ ಮುಗಿಯಿತು. ಹಳೇ ಮೇಣ ಇದ್ದರೆ ಮಾತ್ರ ಹೊಸದು ಹಿಡಿಯುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಬೇಕು. ಒಂದು ದಿನದ ಕೆಲಸ, ಖರ್ಚು ಕಡಿಮೆ. ನನ್ನ ನೆಲಕ್ಕೆ ಬೇಕಾಗಿದ್ದದ್ದು ಅಷ್ಟೇ ಇರಬಹುದು. ಆದರೆ ಅಲ್ಲಿ ಎಲ್ಲರಿಗೂ ಹೊಸ ಮರದ ಬಿಳುಪು ಬೇಕು, ಅದಕ್ಕೇ ಮಷಿನ್ ಬರುತ್ತದೆ. ನಮ್ಮಲ್ಲಿ ಟೈಲ್ಸ್‌ನ ಹೊಳಪು ಬೇಕು, ಅದಕ್ಕೇ ಹಲಗೆ ಕಿತ್ತು ಹಾಕುತ್ತೇವೆ. ಎರಡೂ ಕಡೆ ನೆಲವನ್ನು ಬಗ್ಗಿ ನೋಡುವವರು ಕಡಿಮೆ ಆಗಿದ್ದಾರೆ.

ಹಾಗಾಗಿ ಆ ಮಳೆಯಲ್ಲಿ ತಮ್ಮನ ಜೊತೆ ಮಾಳಿಗೆಯಲ್ಲೇ ಕೂತು ನೋಡಿದೆವು. ಮೆಟ್ಟಿಲ ಕಿಂಡಿಯ ಅಂಚಿನಲ್ಲಿ ಹಲಗೆಯ ದಪ್ಪ ಕಾಣುತ್ತದೆ. ಟೇಪು ಹಿಡಿದರೆ ಒಂದೂಕಾಲು ಇಂಚು. ನಾಲಿಗೆ ಇಲ್ಲದ ನೇರ ಹಲಗೆ, ಅಂದರೆ ಸವೆಸಲಿಕ್ಕೆ ಆ ಓಕ್ ಪಟ್ಟಿಗಿಂತ ಎಷ್ಟೋ ಹೆಚ್ಚು ಉಳಿದಿದೆ. ಬ್ಲೇಡಿನಿಂದ ಬೂದಿ ಬಣ್ಣವನ್ನು ಕೂದಲೆಳೆಯಷ್ಟು ಕೆರೆದೆ. ಕೆಳಗೆ ಬೆಲ್ಲದ ಬಣ್ಣ, ಎಣ್ಣೆಯ ವಾಸನೆ. ತಮ್ಮ ಬೆರಳಿಂದ ಮುಟ್ಟಿ ಮೂಗಿಗೆ ಹಿಡಿದ. ಖಾನಾಪುರ ಕಾಡಿನ ಮರ ಅಂತ ಅಪ್ಪ ಹೇಳುತ್ತಿದ್ದರು. ಉಕ್ಕಿನ ಗುಂಡು ಒತ್ತಿ ಅಳೆಯುವ ಲೆಕ್ಕದಲ್ಲಿ ಓಕ್ ಸಾಗವಾನಿಗಿಂತ ಸ್ವಲ್ಪ ಗಟ್ಟಿ. ಆದರೆ ಗೆದ್ದಲು, ತೇವ ತಡೆಯುವುದರಲ್ಲಿ ಸಾಗವಾನಿಯ ಮುಂದೆ ಕೆಂಪು ಓಕ್ ನಿಲ್ಲುವುದಿಲ್ಲ. ಇಂಥ ಹಲಗೆಯನ್ನು ಯಾರಿಗೋ ಮಾರಿ, ಅವರು ಅದನ್ನೇ ಕೊರೆದು ಸೋಫಾ ಮಾಡಿ ಮಾರಿದರೆ ಹೇಗೆ ಹೇಳಿ?

ಇದಕ್ಕೆ ಡ್ರಮ್ ಮಷಿನ್ ಕೂಡ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾನು ಚಿಕ್ಕವನಿದ್ದಾಗ ನಮ್ಮ ಬಡಿಗ ಒಡೆದ ಗಾಜಿನ ಚೂರು ಹಿಡಿದು ಬಾಗಿಲು ಕೆರೆಯುತ್ತಿದ್ದ. ಗಾಜನ್ನು ಸ್ವಲ್ಪ ತನ್ನ ಕಡೆಗೇ ವಾಲಿಸಿ ಎಳೆದರೆ ಈರುಳ್ಳಿ ಸಿಪ್ಪೆಯಂಥ ಸುರುಳಿ ಏಳುತ್ತಿತ್ತು. ಧೂಳೇ ಇಲ್ಲ. ಈಗ ಅದಕ್ಕೆ ಉಕ್ಕಿನ ಪಟ್ಟಿ ಸಿಗುತ್ತದೆ, ಕೈಗೂ ಅಪಾಯ ಕಡಿಮೆ. ಹದಿನಾರು ಹಲಗೆಗೆ ಇಬ್ಬರಿಗೆ ನಾಲ್ಕೈದು ದಿನ ಹಿಡಿಯಬಹುದು, ಹಿಡಿಯಲಿ. ಟ್ರಂಕಿನ ಕಲೆ ಕಬ್ಬಿಣ ಮತ್ತು ನೀರು ಸೇರಿ ಆದದ್ದು. ಆಕ್ಸಾಲಿಕ್ ಆಸಿಡ್ ನೀರು ಹಚ್ಚಿದರೆ ಅದು ತಿಳಿಯಾಗುತ್ತದೆ. ಅದು ವಿಷ, ಗ್ಲೌಸ್ ಹಾಕಬೇಕು, ಆಮೇಲೆ ಚೆನ್ನಾಗಿ ತೊಳೆಯಬೇಕು. ಪೂರ್ತಿ ಹೋಗದಿದ್ದರೂ ನನಗೆ ಬೇಜಾರಿಲ್ಲ. ಸಂದಿಯ ಧೂಳಿಗೆ ಕೆಳಗಿನಿಂದ ತೆಳ್ಳನೆಯ ಪಟ್ಟಿ ಬಡಿದರೆ ಸಾಕು.

ಮೇಲೆ ಏನು ಹಚ್ಚುವುದು ಅನ್ನುವಲ್ಲಿ ನಮ್ಮಿಬ್ಬರಿಗೂ ಜಗಳವೇ ಆಯಿತು. ತಮ್ಮನಿಗೆ ಪಾಲಿಯುರಿಥೇನ್ ಬೇಕು, ಅಂದರೆ ಪ್ಲಾಸ್ಟಿಕ್‌ನಂಥ ಗಟ್ಟಿ ಪದರ ಕಟ್ಟುವ ವಾರ್ನಿಶ್, ಹೊಳಪು ಜಾಸ್ತಿ, ಒರೆಸುವುದೂ ಸುಲಭ. ಆದರೆ ಸಾಗವಾನಿಯಲ್ಲಿ ಮೊದಲೇ ಎಣ್ಣೆ ಇರುತ್ತದೆ. ಹಚ್ಚುವ ಮುಂಚೆ ಥಿನ್ನರಿನಿಂದ ಒರೆಸದಿದ್ದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಮುಂದೆ ಎಲ್ಲೋ ಒಂದು ಕಡೆ ಎದ್ದರೆ ಅಲ್ಲಿಗಷ್ಟೇ ತೇಪೆ ಹಾಕಲು ಬರುವುದಿಲ್ಲ. ನಾನು ಅಗಸೆ ಎಣ್ಣೆಯ ಪಕ್ಷ. ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನುತ್ತೇವಲ್ಲ, ಅದೇ ಅಗಸೆ. ಅದರ ಎಣ್ಣೆಯೇ ಹಿಂದಿನಿಂದಲೂ ದೇಶ ದೇಶಗಳಲ್ಲಿ ಮರಕ್ಕೆ ಹೋಗುತ್ತಿದೆ. ಪೇಂಟ್ ಅಂಗಡಿಯ ಡಬ್ಬಿಯಲ್ಲಿ ಬೇಗ ಒಣಗಲು ಬೇರೆ ಮದ್ದು ಸೇರಿಸಿರುತ್ತಾರೆ, ಅದನ್ನು ಬಾಯಿಗೆ ತರಬಾರದು. ಹಚ್ಚಬೇಕು, ಅರ್ಧ ಗಂಟೆ ಬಿಡಬೇಕು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ದಪ್ಪಗೆ ಬಿಟ್ಟರೆ ಅಂಟಾಗಿಯೇ ಉಳಿದು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಒಂದು ಮಾತನ್ನು ತಮ್ಮನಿಗೆ ಎರಡೆರಡು ಸಲ ಹೇಳಿದೆ, ಇಲ್ಲೂ ಹೇಳುತ್ತೇನೆ. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿ ಹೀರಿಕೊಂಡು ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿಗೆ ಹೊರಗೆ ಹೋಗಲು ದಾರಿ ಇಲ್ಲ. ಯಾರೂ ಕಡ್ಡಿ ಗೀರದೆ ಅದು ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿ. ಕಟ್ಟಿಗೆ ಮಾಳಿಗೆಯ ಮನೆಯಲ್ಲಿ ಈ ವಿಷಯದಲ್ಲಿ ಸಡಿಲ ಬಿಡಬಾರದು.

ಕೆಲಸ ಮಳೆಯಲ್ಲಿ ಆಗುವುದಿಲ್ಲ. ಬೆಳಗಾವಿಯ ಮಳೆಗೆ ಹಲಗೆ ನೀರು ಕುಡಿದು ಉಬ್ಬುತ್ತದೆ, ಎಣ್ಣೆಯೂ ಒಣಗುವುದಿಲ್ಲ. ಉಬ್ಬಿ ಬಾಗಿದ ಹಲಗೆಯನ್ನು ಸಮ ಮಾಡಿದರೆ, ಒಣಗಿದ ಮೇಲೆ ಅದು ಉಲ್ಟಾ ಬಾಗಿ ಕೂರುತ್ತದೆ. ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಸರಿ.

ಈಗ ಸೆಪ್ಟೆಂಬರ್. ತಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. "ಒಂದ್ ಖೋಲಿ ಮಾಡಿ ನೋಡೂಣು, ಆಮ್ಯಾಲೆ ಹೇಳ್ತೇನಿ" ಅಂದಿದ್ದಾನೆ. ಸೋರುವ ಹಂಚು ಮಾತ್ರ ಬದಲಿಸಿಯಾಗಿದೆ. ಬಾಗಿಲ ಹತ್ತಿರದ ಎರಡು ಹಲಗೆಗೆ ಅದೇ ಅಗಲದ ಹಳೇ ಸಾಗವಾನಿ ಬೇಕು. ಹಲಗೆ ಮಾರಬೇಕು ಅಂತಿದ್ದ ಆ ಕಟ್ಟಿಗೆ ಅಂಗಡಿಗೇ ಹೋಗಿ ನಿನ್ನೆ ಟೇಪು ಹಿಡಿದು ಹುಡುಕಿ ಬಂದಿದ್ದಾನೆ. ಒಂದು ಸಿಕ್ಕಿದೆಯಂತೆ.