ಮೊಳೆಗೆ ನೇತಾಡುವ ಐದು ಮನೆ

ನಿನ್ನೆ ಮತ್ತೊಂದು ಗೊಂಚಲು ಬಂತು. ನಮ್ಮನೆ ಜಗಲಿ ಕಂಬದ ಮೊಳೆಗೆ ಈಗ ಮಳೆಗಾಲಕ್ಕೆ ಮುಚ್ಚಿದ ಐದು ಮನೆಯ ಬೀಗದ ಕೈ.

ಮೃಗಶಿರಾ ಮಳೆ ಹಿಡಿಯೋಕೆ ಮೂರು ದಿನ ಇದೆ ಅನ್ನುವಾಗ ಐದನೇ ಮನೆಯ ಮಗರಾಯ ಶನಿವಾರ ರಾತ್ರಿ ಬೆಂಗಳೂರಿಂದ ಬಂದ. ಭಾನುವಾರ ಊಟ ಮುಗಿಸಿ ಅಪ್ಪ ಅಮ್ಮನ್ನ ಕಾರು ಹತ್ತಿಸಿದ. "ದೊಡ್ಡಮ್ಮ, ಮನೆ ಕಡೆ ಒಂಚೂರು ನೋಡ್ಕೊಳ್ಳಿ." ಒಂಚೂರಂತೆ!

ನಮ್ಮ ಹೊಸನಗರದ ಮಳೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯತ್ತೆ, ನಮ್ಮ ತಾಲೂಕಿನ ಹುಲಿಕಲ್ಲೂ ಅದಕ್ಕೇನು ಕಮ್ಮಿ ಇಲ್ಲ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಳೆಗಾಲದ ಈ ನಾಲ್ಕು ತಿಂಗಳಲ್ಲೇ. ಇಂಥ ಊರಲ್ಲಿ ಬೀಗ ಹಾಕಿದ ತಕ್ಷಣ ಮನೆ ಮುಚ್ಚಿದ ಹಾಗಾಯ್ತಾ? ಮಂಗ ಹಾರಿ ಒಡೆದ ಹೆಂಚು ಬದಲಾಯಿಸಬೇಕು. ಎರಡು ಮಾಡು ಸೇರುವಲ್ಲಿನ ತಗಡಿನ ದೋಣಿಯಿಂದ ದರಕು (ಒಣಗಿದ ಎಲೆ) ತೆಗೀಬೇಕು, ಇಲ್ಲದಿದ್ರೆ ನೀರು ಸೀದಾ ನಡುಮನೆಗೆ. ಮಣ್ಣಿನ ಗೋಡೆಗೆ ಇರಚಲು ಹೊಡೀದ ಹಾಗೆ ಅಡಿಕೆ ಸೋಗೆ ಕಟ್ಟಬೇಕು. ಫ್ರಿಜ್ ಆರಿಸಿದ್ರೆ ಸಾಲದು, ಬಾಗಿಲು ತೆಗೆದಿಡಬೇಕು. (ಹೋದ ವರ್ಷ ಒಬ್ಬರು ಮುಚ್ಚಿ ಹೋಗಿದ್ರು. ಚೌತಿಗೆ ಬಂದು ತೆಗೆದಾಗ ಒಳಗೆ ಕರಡಿಮರಿ ಮಲಗಿದ ಹಾಗಿತ್ತು.) ದೇವರಿಗೆ ಬೇರೆ ಒಂದು ಏರ್ಪಾಡು. ಸಾಲಿಗ್ರಾಮ ನೆಂಟರ ಮನೆಗೆ ಹೋಗತ್ತೆ, ನಾಯಿ ನಮ್ಮನೆಗೆ ಬರತ್ತೆ. ನಾಯಿಯನ್ನ ಯಾರೂ ಕೊಟ್ಟು ಹೋಗಲ್ಲ, ಅದಾಗೇ ಬರತ್ತೆ. ಮೂರು ದಿನ ಅಲ್ಲೇ ಬಾಗಿಲಲ್ಲಿ ಮಲಗಿ, ನಾಲ್ಕನೇ ದಿನ ನಮ್ಮ ಅಂಗಳದಲ್ಲಿ ತಲೆ ತಗ್ಗಿಸಿ ನಿಲ್ಲತ್ತೆ.

ಇದೆಲ್ಲ ಮಾಡಿದರೂ ಒಂದು ಬಾಕಿ. ಬೆಂಕಿ. ಒಲೆ ಉರಿದು ಹೊಗೆ ಅಟ್ಟ ಹತ್ತಿದ್ರೆ ಮಾತ್ರ ಈ ಮನೆಗಳ ಮರ, ಬೆತ್ತ, ಬಟ್ಟೆ ಒಣಗಿರತ್ತೆ. ಹೊಗೆ ನಿಂತ ಹದಿನೈದು ದಿನಕ್ಕೆ ಬೂಸ್ಟು, ಆಮೇಲೆ ಒರಲೆ (ಗೆದ್ದಲು). ಅಂದ್ರೆ ಒಂಚೂರು ನೋಡ್ಕೊಳ್ಳಿ ಅಂದ್ರೆ ಏನು? ಆರಿದ್ರಾ ಮಳೇಲಿ ಕೊಡೆ ಹಿಡ್ಕೊಂಡು, ಜಾರೋ ಅಂಗಳದಲ್ಲಿ ಅಡಿಕೆ ದಬ್ಬೆ ಮೇಲೆ ಕಾಲಿಟ್ಕೊಂಡು, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತುಕೊಳ್ತಾ, ಐದು ಮನೆ ಬಚ್ಚಲೊಲೆಗೆ ಬೆಂಕಿ ಹಾಕೋದು. ಒಣ ಕಟ್ಟಿಗೆ ಎಲ್ಲಿಂದ? ನಮ್ಮ ಕೊಟ್ಟಿಗೆಯಿಂದ.

"ಕ್ಯಾಮೆರಾ ಹಾಕ್ಸಿದೀನಲ್ಲ ದೊಡ್ಡಮ್ಮ, ಎಲ್ಲ ಮೊಬೈಲಲ್ಲೇ ಕಾಣತ್ತೆ." ಸಂತೋಷ ಮಾರಾಯ. ಮೊದಲ ಗಾಳಿಗೆ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದಾಗ ಏನು ಕಾಣತ್ತೆ? ಇದ್ದಾಗಲೂ ಅಷ್ಟೇ, ಬೂಸ್ಟು ಬರೋದು ಬೆಂಗಳೂರಲ್ಲಿ ಕೂತು ಚೆಂದ ನೋಡಬಹುದು. ಒರೆಸೋ ಕೈ ನಂದು.

ವಯಸ್ಸಾದವರನ್ನ ಈ ಮಳೇಲಿ ಬಿಟ್ಟಿರೋದು ಹೇಗೆ ಅಂತ ಕಾಮೆಂಟ್ ಹಾಕೋಕೆ ಕೆಲವರು ತಯಾರಾಗಿರ್ತೀರಿ. ನಾನೇನು ಬಿಡಿ ಅಂದ್ನಾ? ಕರ್ಕೊಂಡು ಹೋಗಿ, ಪುಣ್ಯ ಬರತ್ತೆ. ಒಂದು ವಾರ ರಜೆ ಹಾಕಿ ಬನ್ನಿ, ಹೆಂಚಿನ ಮೇಲೆ ನೀವೇ ಹತ್ತಿ, ಅಷ್ಟೇ ಕೇಳ್ತಿರೋದು. ಗೋವಾಕ್ಕೆ ರಜೆ ಸಿಗತ್ತಲ್ಲ.

ಇಷ್ಟು ಕೂಗಾಡಿದ ಮೇಲೆ ನಂದೂ ಒಂದು ಹೇಳ್ಬೇಕು. ಎರಡು ವರ್ಷದ ಹಿಂದೆ ಪುನರ್ವಸು ಮಳೇಲಿ ಮೇಲಿನ ಮನೆಗೆ ಮೂರು ವಾರ ಕಾಲಿಡಲಿಲ್ಲ. ಕಾಲುನೋವು ಅಂತ ಹೇಳಿದ್ದೆ. ನೋವಿರಲಿಲ್ಲ, ಬೇಜಾರು ಬಂದಿತ್ತು. ಅಟ್ಟದ ಪೆಟ್ಟಿಗೆಯಲ್ಲಿದ್ದ, ಆ ಮನೆಯವಳ ಅಮ್ಮನ ಧಾರೆ ಸೀರೆ ಒರಲೆ ಪಾಲಾಗಿತ್ತು. "ಪಾಪ, ನೀವೇನು ಮಾಡ್ತೀರಿ ಅಕ್ಕ" ಅಂದಳು ಅವಳು. ನಾನು ಸುಮ್ಮನಿದ್ದೆ. ಇವತ್ತು ಹೇಳ್ತಿದೀನಿ, ಬೈಯೋದಿದ್ರೆ ಬೈದುಬಿಡು ಮಾರಾಯ್ತಿ.

ಈಗ ಕಾಲುನೋವು ನಿಜವಾಗಿಯೇ ಬಂದಿದೆ. ಬರೋ ಸೋಮವಾರ ಶಿವಮೊಗ್ಗದಲ್ಲಿ ಮಂಡಿ ಆಪರೇಷನ್, ಆಮೇಲೆ ಚೌತಿವರೆಗೂ ಮೈಸೂರಲ್ಲಿ ಮಗಳ ಮನೆ. ಹದಿನೈದು ದಿನದಿಂದ ನಮ್ಮನೆ ಮುಚ್ಚೋ ಕೆಲಸ ನಡೀತಿದೆ, ಮುಗಿಯೋ ಲಕ್ಷಣ ಇಲ್ಲ. ಮಿಡಿ ಉಪ್ಪಿನಕಾಯಿ ಭರಣಿ ಬಾಯಿಗೆ ಬಟ್ಟೆ ಕಟ್ಟೋಕೇ ಅರ್ಧ ದಿನ ಹೋಯ್ತು. ಕಟ್ಟಿ, ಬಿಚ್ಚಿ, ಒಂದು ಮಿಡಿ ತಿಂದು, ಮತ್ತೆ ಕಟ್ಟಿ.

ನಿನ್ನೆ ಸಂಜೆ ಹಳ್ಳದಾಚೆ ಮನೆಗೆ ಹೋಗಿ, ನಮ್ಮನೇದೂ ಸೇರಿ ಆರು ಗೊಂಚಲನ್ನೂ ಆ ಮನೆಯವಳ ಮುಂದಿಟ್ಟೆ. ಅವಳು ಒಂದೊಂದೇ ಎತ್ತಿ ನೋಡಿ, ನಮ್ಮನೇದು ಮಾತ್ರ ಸೆರಗಿಗೆ ಕಟ್ಟಿಕೊಂಡಳು. "ನಿಮ್ಮನೆ ಒಲೆಗೆ ಬೆಂಕಿ ಹಾಕ್ತೀನಕ್ಕ. ಉಳಿದಿದ್ದನ್ನ ನಂಗೆ ಯಾರೂ ಹೇಳಿಲ್ಲ." ಇಪ್ಪತ್ತು ವರ್ಷದಿಂದ ನನ್ನ ಗಂಟಲಲ್ಲೇ ಇದ್ದ ಮಾತು. ಅವಳು ಒಂದೇ ಸಲಕ್ಕೆ ಹೇಳಿಬಿಟ್ಟಳು, ಕಾಫಿನೂ ಕೊಟ್ಟಳು.

ಬೆಳಿಗ್ಗೆಯಿಂದ ಐದೂ ಮನೆಯವರಿಗೆ ಫೋನ್ ಮಾಡ್ತಿದೀನಿ. ಇಬ್ಬರು ಮೀಟಿಂಗಲ್ಲಿದಾರೆ, ಇಬ್ಬರು ಎತ್ತಲ್ಲ, ಒಬ್ಬ "ಆಮೇಲೆ ಮಾಡ್ತೀನಿ ದೊಡ್ಡಮ್ಮ" ಅಂದ. ಫೇಸ್‌ಬುಕ್ಕಲ್ಲಿ ಐವರೂ ಇದೀರಿ, ನಂಗೊತ್ತು. ಬೀಗದ ಕೈಗಳು ಜಗಲಿ ಮೊಳೆಯಲ್ಲೇ ಇವೆ. ನನ್ನ ಬಸ್ಸು ಸೋಮವಾರ ಆರೂವರೆಗೆ.